ಪೆಟ್ಟಿಗೆ ಇಲ್ಲದವನು ಕೊಂಡ ಪ್ಲೇಟು

ಗೆಳೆಯ ಗಫಾರ್,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆದು, ನೀನು ಹೇಗಿದ್ದೀಯ ಎಂದು ಕೇಳಹೊರಟೆ. ಕೈ ನಿಂತಿತು. ಅಭ್ಯಾಸ ನೋಡು. ಹಾಗೆ ನೋಡಿದರೆ ನಿನಗೆ ಇದುವರೆಗೆ ಒಂದು ಕಾರ್ಡನ್ನೂ ಬರೆದವನಲ್ಲ ನಾನು. ಶಿರಾದ ಬಸ್ಸು ನಿಲ್ಲುವ ರಸ್ತೆಯಲ್ಲಿ ಈ ಕಡೆ ನನ್ನ ಹೋಟೆಲು, ಆ ಕಡೆ ನಿನ್ನ ಗ್ರಾಮಫೋನ್ ಪ್ಲೇಟಿನ ಅಂಗಡಿ. ಹೇಳುವುದೇನಾದರೂ ಇದ್ದರೆ ಗಲ್ಲಾದಲ್ಲಿ ಕೂತೇ ಕೂಗುತ್ತಿದ್ದೆ. ಈಗ ಯಾರನ್ನು ಕೂಗಲಿ?

ಅವತ್ತು ಬೆಂಗಳೂರಿನ ಬಸ್ಸು ಬಂದು ನಿಂತಾಗ ಎಂದಿನಂತೆ ನಿನಗೊಂದು ಟೀ ಹಾಕಿಸಿದ್ದೆ. ಹೊಸ ಪ್ಲೇಟು ತಂದಾಗಲೆಲ್ಲ ನೀನು ಮನೆಗೂ ಹೋಗದೆ ಮೊದಲು ಇಲ್ಲಿಗೇ ಬರುತ್ತಿದ್ದೆಯಲ್ಲ. ಇಳಿದು ಬಂದವನು ಕಂಡಕ್ಟರು. ಅವನ ಕೈಯಲ್ಲಿ ನಿನ್ನ ಪ್ಲೇಟಿನ ಕಟ್ಟು. “ನಿದ್ದೆ ಮಾಡ್ತಾವ್ರೆ ಅಂದ್ಕಂಡಿದ್ದೆ ಕಣಣ್ಣ. ಕಳ್ಳಂಬೆಳ್ಳ ದಾಟಿದ್ ಮ್ಯಾಲೆ ಅಲ್ಲಾಡ್ಸಿ ನೋಡುದ್ರೆ…” ಅಂದ. ನೀನು ಕಿಟಕಿಗೆ ತಲೆ ಆನಿಸಿ ಕೂತೇ ಇದ್ದೆ. ಆಮೇಲೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಕಟ್ಟು ಬಿಚ್ಚಿ ಪ್ಲೇಟು ಒಡೆದಿದೆಯೋ ಏನೋ ಎಂದು ನೋಡಿದ್ದು. ಒಂದೂ ಒಡೆದಿರಲಿಲ್ಲ. ಆ ಟೀ ಯಾರು ಕುಡಿದರೋ ತಿಳಿಯದು.

ನಿನ್ನನ್ನು ಹೊತ್ತವರು ಹೋಟೆಲಿನ ಮುಂದೆ ಬಂದಾಗ ಎದ್ದು ಹೋಗಿ ರೇಡಿಯೋ ಆರಿಸಿದೆ. ಯಾವ ಹಾಡು ಬರುತ್ತಿತ್ತೋ ನೆನಪಿಲ್ಲ. ನಾನು, ಯಾವ ಹಾಡು ಯಾವ ಹೊತ್ತಿಗೆ ಬಂತೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವನು. ನಾನೂ ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿದೆ. ವಾಪಸು ಬಂದು ಹಾಲು ಒಲೆಗಿಟ್ಟೆ. ಅಳು ಬರಲಿಲ್ಲ ಗಫಾರ್, ಇವತ್ತಿನವರೆಗೂ ಬಂದಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿದೆ. ಜನ ಬರುತ್ತಾರೆ, ಇಡ್ಲಿ ಕೇಳುತ್ತಾರೆ, ಕೊಡುತ್ತೇನೆ.

ನಯಾಪೈಸೆ ಬಂದ ಹೊಸದರಲ್ಲಿ, ಸಿಲೋನಿನ ಸ್ಟೇಷನ್ನು ವಾರಕ್ಕೊಮ್ಮೆ ಹಾಡುಗಳಿಗೆ ನಂಬರು ಕೊಟ್ಟು ಹಾಕುವುದನ್ನು ನನ್ನ ರೇಡಿಯೋದಲ್ಲಿ ಕೇಳಿ ನೀನು ರೇಗಿದ್ದು ನೆನಪಿದೆಯೆ? “ಅರೆ, ನಮ್ ಶಿರಾ ಏನ್ ಕೇಳ್ತದೆ ಅಂತ ಅವ್ನಿಗೆ ಹೆಂಗ್ಲಾ ಗೊತ್ತು? ನಾವೇ ಕೊಡಾನ ನಂಬರು” ಅಂದೆ. ಮಾರನೆಯ ದಿನ ಸ್ಕೂಲಿನವರು ಎಸೆದ ಕರಿಹಲಗೆಯೊಂದನ್ನು ಹೊತ್ತು ತಂದು ನನ್ನ ಹೋಟೆಲಿನ ಮುಂದೆ ತಗುಲಿಹಾಕಿದೆ. ಅಂದಿನಿಂದ ಪ್ರತಿ ಶುಕ್ರವಾರ ನಿನ್ನ ನಮಾಜು ಮುಗಿದ ಮೇಲೆ ಟೀ ಕುಡಿಯುತ್ತ ನಾವಿಬ್ಬರು ಹಾಡುಗಳ ಸರದಿ ನಿರ್ಧರಿಸಿ ಸೀಮೆಸುಣ್ಣದಲ್ಲಿ ಬರೆಯುವುದು. ಮಧುಗಿರಿ, ಕೊರಟಗೆರೆ ಬಸ್ಸಿನವರು ಅದನ್ನು ಓದಿಕೊಂಡು ನಿನ್ನ ಅಂಗಡಿಗೆ ಬಂದು “ಬೋರ್ಡಿನ ಮೊದಲನೇದು ಕೊಡಿ” ಅನ್ನುವ ಮಟ್ಟಕ್ಕೆ ಬಂತು. ಪಾವಗಡದ ಒಬ್ಬ ಬೋರ್ಡಿನ ಮುಂದೆ ನಿಂತು “ಏಮಯ್ಯಾ, ಮಾ ತೆಲುಗು ಪಾಟ ಒಕ್ಕಟೀ ಲೇದಾ? ನಾವೇನ್ ದುಡ್ಡು ಕೊಡಾಕಿಲ್ವಾ?” ಎಂದು, ತೆಲುಗು ಹಾಡು ಒಂದೂ ಇಲ್ಲದ್ದಕ್ಕೆ ಜಗಳಕ್ಕೇ ಬಂದಿದ್ದ. ಅವನನ್ನು ಒಳಗೆ ಕೂರಿಸಿ ದೋಸೆ ಕೊಟ್ಟು ಸಮಾಧಾನ ಮಾಡಿದವನು ನಾನು.

ಅವನ ಜಗಳ ಒಂದು ದಿನದ್ದು, ನಮ್ಮದು ವಾರವಾರದ್ದು. ರೇಡಿಯೋದಲ್ಲಿ ಎಷ್ಟು ಸಲ ಬಂತು ಅನ್ನುವುದೇ ಲೆಕ್ಕ ಎಂದು ನಾನು. ಎಷ್ಟು ಪ್ಲೇಟು ಮಾರಾಟವಾಯಿತು ಅನ್ನುವುದೇ ಲೆಕ್ಕ ಎಂದು ನೀನು. “ಸ್ಟೇಷನ್ನೋನು ಹಾಕೋದು ಅವ್ನಿಷ್ಟ ಕಣ್ಲಾ ರಂಗ. ದೋಸೆ ತಿನ್ನೋನ್ ಕಿವಿಗೆ ಬಿದ್ಬುಟ್ರೆ ಅವ್ನು ಮೆಚ್ಚಿದಂಗಾ? ಗಂಟು ಬಿಚ್ಚಿ ದುಡ್ಡು ಕೊಟ್ಟು ಒಯ್ತಾನಲ್ಲ, ಅವ್ನು ಪಕ್ಕಾ” ಅನ್ನುತ್ತಿದ್ದೆ. ನಾನು ಬಿಡುತ್ತಿದ್ದೆನೆ? “ಪ್ಲೇಟು ಕೊಳ್ಳೋರು ಈ ಊರಾಗೆ ಯಾರು? ಕಡ್ಲೆಕಾಯಿ ಮಂಡಿ ಸಾವ್ಕಾರ್ರು, ಮೈಕ್ ಸೆಟ್ನೋರು. ಹಮಾಲಿ ನನ್ ಬಾಗ್ಲಾಗೆ ನಿಂತು ಪುಕ್ಸಟ್ಟೆ ಕೇಳ್ತಾನೆ. ಅವಂದು ಕಿವಿ ಅಲ್ವಾ?” ಅನ್ನುತ್ತಿದ್ದೆ. ಆಗ ನೀನು ಟೀ ಲೋಟ ಕೆಳಗಿಟ್ಟು, ಒಬ್ಬ ಮೈಕ್ ಸೆಟ್ಟಿನವನು ಒಯ್ದ ಪ್ಲೇಟನ್ನು ಮದುವೆಮನೆಗಳಲ್ಲಿ ಹತ್ತೂರು ಕೇಳುತ್ತದಲ್ಲ, ಅದು ಒಂದೋ ಹತ್ತೋ ಎಂದು ಕೇಳುತ್ತಿದ್ದೆ. ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಒಂದು ಪ್ಲೇಟಿಗೆ ರೇಡಿಯೋದ ಐದು ಸಲ ಸಮ ಎಂದು ರಾಜಿಯಾದೆವು. ರಾಜಿ ಎಲ್ಲಿ ಬಂತು, ಪ್ರತಿ ಶುಕ್ರವಾರವೂ ನೀನು ಹತ್ತು ಅನ್ನುವುದು, ನಾನು ಎರಡು ಅನ್ನುವುದು…

ಬಡವನಹಳ್ಳಿ ಕಡೆಯ ಆ ರೈತ ಬಂದ ದಿನ ಮಾತ್ರ ನೀನು ನಿಜವಾಗಿ ಸಿಟ್ಟಾಗಿದ್ದೆ. ಮಂಡಿಯಲ್ಲಿ ಕಡಲೆಕಾಯಿ ಹಾಕಿ ಬಂದವನು, ಸಿನಿಮಾದ ಆ ಹೆಣ್ಣೊಪ್ಪಿಸುವ ಹಾಡಿನ ಪ್ಲೇಟು ಕೊಂಡ. ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಒಪ್ಪಿಸುವಾಗಿನ ಹಾಡು ಅದು. ರೇಡಿಯೋ ಅದನ್ನು ಅಪರೂಪಕ್ಕೆ ಹಾಕುತ್ತಿತ್ತು. ನಿನಗೆ ಮಾತ್ರ ಅದರ ಹುಚ್ಚು. ಗ್ರಾಮಫೋನ್ ಪೆಟ್ಟಿಗೆಗೆ ಮುಳ್ಳು ಬೇಕೇನೆಂದು ನೀನು ಕೇಳಿದರೆ ಅವನು ನಕ್ಕುಬಿಟ್ಟ. “ಪೆಟ್ಗೆ ಎಲ್ಲೈತೆ ಸಾಬ್ರೆ? ಮಗಳ ಮದ್ವೇಲಿ ಮೈಕ್ ಸೆಟ್ನೋನ ಕೈಗೆ ಕೊಟ್ಟು ಹಾಕುಸ್ತೀನಿ. ಅವ್ನತ್ರ ಈ ಪ್ಲೇಟು ಇಲ್ದೆ ಹೋದ್ರೆ?” ಮದುವೆ ಯಾವಾಗ ಅಂದರೆ, ಇನ್ನೂ ಗಂಡು ನೋಡಬೇಕಂತೆ.

ಆ ಶುಕ್ರವಾರ ಆ ಪ್ಲೇಟನ್ನು ಲೆಕ್ಕಕ್ಕೆ ಹಿಡಿಯಲು ನಾನು ಒಪ್ಪಲಿಲ್ಲ. ಯಾರ ಕಿವಿಗೂ ಬೀಳದೆ ಟ್ರಂಕಿನಲ್ಲಿರುವ ಹಾಡಿಗೆ ಅಂಕ ಕೊಡುವುದು ಹೇಗೆ? ನೀನು ಸೀಮೆಸುಣ್ಣ ಕೆಳಗೆ ಹಾಕಿದೆ. “ಅವ್ನು ಕೇಳಾಕಂತ ತಗಂಡಿಲ್ಲ ಕಣ್ಲಾ. ತನ್ ತಾವ ಇರ್ಲಿ ಅಂತ ತಗಂಡವ್ನೆ. ಅಂತೋನ್ಗೆ ಸೊನ್ನೆ ಹಾಕ್ತೀಯಾ? ಎಲ್ರಿಗಿಂತ ಜಾಸ್ತಿ ಹಾಕ್ಬೇಕು ಅವ್ನಿಗೆ!” ಟೀ ಕುಡಿಯದೆ ಎದ್ದು ಹೋದೆ. ಮುಂದಿನ ವಾರ ಬಂದೆ, ಬಿಡು. ಆದರೆ ಆ ಹಾಡನ್ನು ಮೇಲೆ ತರಲು ನೀನು ಎಷ್ಟು ಒದ್ದಾಡಿದರೂ ಅದು ಕೊನೆಯ ಸಾಲು ಬಿಟ್ಟು ಏಳಲಿಲ್ಲ.

ನೀನಿಲ್ಲದ ಮೊದಲ ಶುಕ್ರವಾರ ಬೋರ್ಡು ಒರೆಸಿ ನಿಂತೆ. ನಿನ್ನ ಅಂಗಡಿ ಮುಚ್ಚಿತ್ತು. ಮಾರಾಟವಿಲ್ಲ ಅಂದಮೇಲೆ ನಿನ್ನ ಪಾಲಿನ ಅಂಕವೂ ಇಲ್ಲ. “ರೇಡಿಯೋ ಲೆಕ್ಕದಾಗೇ ಬರ್ದಾಕು ರಂಗಣ್ಣ. ನೀನು ಅದ್ನೇ ಅಲ್ವಾ ಬೇಕು ಅಂತಿದ್ದದ್ದು?” ಅಂದರು ಗಿರಾಕಿಗಳು. ಹೌದಲ್ಲ? ಇಡೀ ಬೋರ್ಡು ನನ್ನ ಕೈಗೆ ಬಂದಿತ್ತು. ಒಂದು ಸಾಲು ಬರೆದೆ. ಯಾರೂ ತಕರಾರು ತೆಗೆಯಲಿಲ್ಲ. ಅಳಿಸಿದೆ. ಆಮೇಲೆ ಬೋರ್ಡು ಖಾಲಿಯೇ ನೇತಾಡುತ್ತಿತ್ತು. ಬಸ್ಸಿನಿಂದ ಇಳಿದವರು ತಲೆಯೆತ್ತಿ ನೋಡಿ ಹೋಗುತ್ತಿದ್ದರು.

ನಿನ್ನೆ ನಿಮ್ಮಣ್ಣ ಹುಸೇನ್ ಸಾಬರು ಬಂದು ಅಂಗಡಿಯ ಬಾಗಿಲ ಹಲಗೆ ತೆಗೆದರು. ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿಯಲೆಂದು ಕಾದಿದ್ದರಂತೆ. ಇರುವ ಪ್ಲೇಟನ್ನೆಲ್ಲ ಮಾರಿ ಮಳಿಗೆ ಖಾಲಿ ಮಾಡುತ್ತಾರಂತೆ. ನಾನು ರಸ್ತೆ ದಾಟಿ ಹೋದೆ. “ಹಾಡು ಗೀಡು ನಂಗೊತ್ತಿಲ್ಲ ರಂಗಪ್ಪ. ಎಲ್ಲ ಒಂದೇ ತರ ಕರ್ರುಗವೆ. ಏನ್ ಬೇಕೋ ತಕ” ಅಂದರು. ಬಸ್ಸಿನಲ್ಲಿ ನಿನ್ನ ತೊಡೆಯ ಮೇಲಿದ್ದ ಕಟ್ಟು ಮೂಲೆಯಲ್ಲಿತ್ತು. ಅವತ್ತು ಒಡೆದಿದೆಯೇ ಎಂದಷ್ಟೇ ನೋಡಿದ್ದೆ, ಯಾವ ಹಾಡೆಂದು ನೋಡಿರಲಿಲ್ಲ. ಬಿಚ್ಚಿದರೆ ಎಲ್ಲಕ್ಕಿಂತ ಮೇಲೆ ಅದೇ ಹೆಣ್ಣೊಪ್ಪಿಸುವ ಹಾಡಿನ ಇನ್ನೊಂದು ಪ್ಲೇಟು. ಯಾರು ಕೊಳ್ಳುತ್ತಾರೆಂದು ತಂದೆಯೋ ಮಾರಾಯ?

ಅದೊಂದನ್ನು ಎತ್ತಿಕೊಂಡೆ. ಸಾಬರು ದುಡ್ಡು ತೆಗೆದುಕೊಳ್ಳಲಿಲ್ಲ. “ಗಫಾರನ ದೋಸ್ತ್ ನೀನು. ಸುಮ್ನೆ ಒಯ್ಯಿ.” ಸುಮ್ಮನೆ ಒಯ್ದರೆ ಅದು ಮಾರಾಟ ಹೇಗಾಗುತ್ತದೆ? ಅವರ ಕೈ ಹಿಡಿದು, ಬೆರಳು ಬಿಡಿಸಿ, ಪೂರ್ತಿ ಬೆಲೆ ಇಟ್ಟು ಬಂದೆ. ಹೊರಡುವಾಗ ಕೇಳಿದರು: “ನಿನ್ ತಾವ ಪೆಟ್ಗೆ ಐತಾ?” ಇಲ್ಲ ಅಂದೆ. “ಮತ್ಯಾಕೆ?” ಅಂದರು. ಪ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದೆ.

ಇವತ್ತು ಶುಕ್ರವಾರ. ಬೋರ್ಡು ಬರೆದಿದ್ದೇನೆ. ನಿನ್ನ ವಾದ ಸರಿಯೆಂದು ಈಗಲೂ ಒಪ್ಪುವವನಲ್ಲ ನಾನು. ಆ ಹಮಾಲಿಯ ಕಿವಿಯನ್ನು ಬಿಟ್ಟುಕೊಡಲಾರೆ. ಆದರೆ ಈ ವಾರ ಮಾರಾಟವಾದದ್ದು ಒಂದೇ ಪ್ಲೇಟು, ಅದಕ್ಕೆ ಐದಲ್ಲ, ನೀನು ಕೇಳುತ್ತಿದ್ದ ಹತ್ತು ಹಾಕಿದ್ದೇನೆ. ರೇಡಿಯೋದ ಯಾವ ಹಾಡೂ ಅಷ್ಟು ಸಲ ಬಂದಿರಲಿಲ್ಲ. ಮಧುಗಿರಿ ಬಸ್ಸಿನಿಂದ ಇಳಿದವನೊಬ್ಬ ಮೇಲಿನ ಸಾಲು ಓದಿ, “ಇದೆಂಗ್ ಮೊದಲ್ನೇದಾಯ್ತು? ರೇಡಿಯೋದಾಗೆ ಬರ್ಲೇ ಇಲ್ವಲ್ಲ” ಅಂದ. ಕೊಂಡವನೊಬ್ಬ ಇದ್ದಾನೆ ಅಂದೆ.

ಪ್ಲೇಟು ಗಲ್ಲಾದ ಕೆಳಗೆ ಕವರಿನಲ್ಲೇ ಇದೆ. ನಾನು ಪೆಟ್ಟಿಗೆ ಕೊಳ್ಳುವುದಿಲ್ಲ, ಗಫಾರ್. ಅದು ನನ್ನ ಹತ್ತಿರ ಇರಲಿ.

ನಿನ್ನ
ರಂಗಪ್ಪ