ತೈಮಾ ಬಾವಿಯ ನೀರು

ಹಿಜರಿ ೧೩೬೫, ಶಾಬಾನ್ ೧೦, ಮಂಗಳವಾರ

ಅಪ್ಪನನ್ನು ಕೊಂದ ದೈದಾನ್ ಇವತ್ತು ನಮ್ಮೂರ ದೊಡ್ಡ ಬಾವಿಗೆ ಬಂದ. ಮರಳುಗಾಳಿಯಲ್ಲಿ ದಾರಿ ತಪ್ಪಿ, ಒಂಟೆಯೂ ಸತ್ತು, ನಾಲಗೆ ಊದಿಕೊಂಡಿತ್ತು. ತಮ್ಮ ನಾಯಿಫ್ ಕಠಾರಿಗೆ ಕೈಹಾಕಿದ. ಅವ್ವ ಅಡ್ಡ ನಿಂತಳು.

“ಇವನಿಗೂ ನೀರಾ ಅವ್ವ?” ಅಂದ ನಾಯಿಫ್.

“ಪ್ರವಾದಿ ಅಯ್ಯೂಬರ ಕಾಲದಿಂದ ಬಾಯಾರಿ ಬಂದೋರನ್ನ ಈ ಬಾವಿಯಿಂದ ಯಾರೂ ವಾಪಸ್ ಕಳಿಸಿಲ್ಲ ಕಣೋ. ಊರನ್ನೇ ಗೆದ್ಕೊಂಡ ಬಾಬೆಲಿನ ರಾಜನಿಗೂ ಕೊಟ್ಟಿದ್ದಾರೆ. ಇವನ್ಯಾವ ದೊಡ್ಡ ಮನುಷ್ಯ!”

ತೊಗಲಿನ ಚೀಲದಿಂದ ಬಟ್ಟಲಿಗೆ ಬಗ್ಗಿಸಿ ತಾನೇ ಕುಡಿಸಿದಳು. ಆಮೇಲೆ, “ಕತ್ತಲಾಗೋದ್ರೊಳಗೆ ಊರು ಬಿಡು. ಆಮೇಲೆ ನನ್ನ ಮಕ್ಕಳನ್ನ ನಾನು ಹಿಡಿಯಲ್ಲ” ಅಂದಳು. ಅವನು ಹೋದ.

ಅವ್ವ ಖರ್ಜೂರ ಕೂಡ ಮುಟ್ಟದೆ ಮಲಗಿದ್ದಾಳೆ. ನಾಯಿಫ್ ಇನ್ನೂ ಕಠಾರಿ ಕೆಳಗಿಟ್ಟಿಲ್ಲ. ನನಗೂ ಕೋಪ ಆರಿಲ್ಲ. ಆದರೆ ದೈದಾನ್ ಕುಡಿಯುತ್ತಿದ್ದಾಗ, ಅವ್ವ ಇನ್ನೊಂದು ಬಟ್ಟಲು ಕೊಡಲಿ ಅನ್ನಿಸಿತ್ತು. ಇದನ್ನು ತಮ್ಮನಿಗೆ ಹೇಗೆ ಹೇಳಲಿ?