ನಕ್ಷತ್ರದ ಕೆರೆಯ ಕೂಟ

ಕಾಮಯಗೌಂಡನ್‌ಪಟ್ಟಿ
22-11-1999, ಸೋಮವಾರ

ಪ್ರೀತಿಯ ಮಾದವನ್ ಅಣ್ಣನಿಗೆ,

ನಿನ್ನ ತಂಗಿ ತೇನ್‌ಮೊಳಿಯ ನಮಸ್ಕಾರ. ಹೇಗಿದ್ದೀಯ? ಎದೆಯ ಕಫ ಇಳಿಯಿತೇ? ಕೊಡೈಕಾನಲಿನ ಚಳಿಗೆ ಹೋಟೆಲಿನವರು ಕೊಟ್ಟ ಆ ಕಪ್ಪು ಕೋಟು ಸಾಲದು, ಅದು ಬಡಿಸುವಾಗ ನೋಡುವವರ ಕಣ್ಣಿಗೆ ಚೆಂದ ಅಷ್ಟೇ. ಒಳಗೆ ಅಮ್ಮ ಹೆಣೆದ ಉಣ್ಣೆಯ ಬನಿಯನ್ ಹಾಕಿಕೋ. ಹರಿದಿದೆ ಎಂದು ನಾಚಬೇಡ, ಕೋಟಿನ ಒಳಗೆ ಯಾರು ಇಣುಕಿ ನೋಡುತ್ತಾರೆ? ಮೆಣಸಿನ ಕಷಾಯ ಮಾಡಿಕೊಳ್ಳಲು ಹೋಟೆಲಿನ ಅಡಿಗೆಮನೆಯಲ್ಲಿ ಒಂದು ಒಲೆ ಬಿಟ್ಟುಕೊಡುವುದಿಲ್ಲವೇ? ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಮಾವನವರ ಮಂಡಿನೋವು ಮಳೆ ಬಂದಾಗ ಬರುತ್ತದೆ, ಬಿಸಿಲು ಬಂದಾಗ ಇನ್ನೊಬ್ಬರನ್ನು ಬೈಯುವ ಶಕ್ತಿಯಾಗಿ ತಿರುಗುತ್ತದೆ. ದ್ರಾಕ್ಷಿ ಚಪ್ಪರಕ್ಕೆ ಈ ಸಲ ಬೂದಿರೋಗ ಅಷ್ಟಾಗಿ ಹತ್ತಿಲ್ಲ. ನಮ್ಮ ಯಜಮಾನರು ಬೆಳಗಾದರೆ ಟಿವಿಎಸ್ ಹತ್ತಿ ಕಂಬಂಗೆ ಹೋಗುತ್ತಾರೆ, ನನ್ನ ಕಾಗದಗಳನ್ನೂ ಅವರೇ ಒಯ್ದು ಪೋಸ್ಟಿಗೆ ಹಾಕುತ್ತಾರೆ. ದೀಪಾವಳಿಗೆ ಮುಂಚೆ ಬರೆದದ್ದು, ದೀಪಾವಳಿ ಆದ ಮೇಲೆ ಬರೆದದ್ದು, ಯಾವುದಕ್ಕೂ ನಿನ್ನ ಉತ್ತರವಿಲ್ಲ. ಇದಕ್ಕಾದರೂ ಬರೆ.

ವಿಷಯಕ್ಕೆ ಬರುತ್ತೇನೆ. ಯುವಶ್ರೀಗೆ ಕಿವಿ ಚುಚ್ಚಿಸುವುದು ಡಿಸೆಂಬರ್ ಮೂರು, ಶುಕ್ರವಾರ ಎಂದು ಗೊತ್ತಾಗಿದೆ. ಐದು ವರ್ಷಕ್ಕೇ ಆಗಬೇಕಿತ್ತು, ಆ ವರ್ಷ ಅಮ್ಮ ಹೋದಳು. ಈಗ ಏಳು. ಇನ್ನೂ ತಡಮಾಡಿದರೆ ಮದುವೆಯ ದಿನವೇ ಕಿವಿಯನ್ನೂ ಚುಚ್ಚಿಸಬೇಕಾದೀತು. ಸೋದರಮಾವನ ತೊಡೆಯ ಮೇಲೆ ಕೂರದೆ ನಮ್ಮಲ್ಲಿ ಯಾವ ಮಗುವಿನ ಕಿವಿಗೂ ಸೂಜಿ ತಾಗಿಲ್ಲ. ನನ್ನ ಕಿವಿ ಚುಚ್ಚಿದಾಗ ಮಾವನ ಅಂಗಿಯ ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡೆನಂತೆ, ನೀನು ಇವತ್ತಿಗೂ ಅದನ್ನು ಹೇಳಿ ಆಡಿಕೊಳ್ಳುತ್ತೀಯ. ಅಪ್ಪನಿಲ್ಲ, ಅಮ್ಮನಿಲ್ಲ, ನನಗೆ ತವರು ಎಂದರೆ ನೀನು ಮತ್ತು ನಿನ್ನ ತೊಡೆ. ನೀನು ಬರದಿದ್ದರೆ ನನ್ನ ಮಗಳು ಯಾರ ಮಡಿಲಲ್ಲಿ ಕೂರಬೇಕು ಹೇಳು.

ಬರಲಾರೆ ಎಂದು ನೀನೇನೂ ಹೇಳಿಲ್ಲ, ನನಗೆ ಗೊತ್ತು. ಹೇಳುತ್ತಿರುವವರು ಈ ಮನೆಯವರು. ಸೆಪ್ಟೆಂಬರಿನಲ್ಲಿ ಮಾರಿಮುತ್ತುವಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ನೀನೇ ಹೇಳಿದ್ದೆಯಲ್ಲ, ಯಾರೋ ಕಂಪ್ಯೂಟರ್ ಕಂಪನಿಯ ಒಡೆಯರೂ ರಾಜಕೀಯದವರೂ ಸೇರಿ ಹೋಟೆಲನ್ನೇ ಪೂರ್ತಿ ಹಿಡಿದಿದ್ದಾರೆ, ಅವರು ಹೋಗುವ ತನಕ ಯಾರಿಗೂ ರಜೆಯಿಲ್ಲ ಎಂದು. ಆ ಒಂದು ಮಾತು ಸಾಕಾಯಿತು. ನನ್ನ ಮೈದುನ ಮನೋಜ್‌ಕುಮಾರ್ ತೇನಿಯಲ್ಲಿ ಕಾಲೇಜು ಎಂದು ಹೋಗುತ್ತಾನೆ, ಅವನ ಕಾಲೇಜೆಲ್ಲ ಬಸ್‌ಸ್ಟ್ಯಾಂಡಿನ ಎದುರಿನ ಇಂಟರ್ನೆಟ್ ಅಂಗಡಿಯಲ್ಲೇ ನಡೆಯುತ್ತದೆ. ಅಲ್ಲಿಂದ ಅಂಚಿಗೆ ತೂತಿರುವ ಉದ್ದುದ್ದ ಕಾಗದದಲ್ಲಿ ಏನೇನೋ ಅಚ್ಚು ಹಾಕಿಸಿ ತಂದು ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳುತ್ತಾನೆ. ಪ್ರಪಂಚದ ರಾಜರು, ಬ್ಯಾಂಕಿನ ಒಡೆಯರು, ಪೇಪರಿನವರು, ಕಂಪ್ಯೂಟರಿನವರು ವರ್ಷಕ್ಕೊಂದು ಸಲ ಒಂದು ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಸೇರುತ್ತಾರಂತೆ. ಮುಂದೆ ಯಾರು ಆಳಬೇಕು, ಎಲ್ಲಿ ಯುದ್ಧವಾಗಬೇಕು ಎಂದು ಅಲ್ಲೇ ತೀರ್ಮಾನವಂತೆ. ಬಡಿಸುವವರ ಜೇಬನ್ನು ಹೊಲಿದುಬಿಡುತ್ತಾರಂತೆ, ಚೀಟಿಯೊಂದೂ ಹೊರಗೆ ಹೋಗಬಾರದು ಎಂದು. ಈ ಡಿಸೆಂಬರ್ ಮೂವತ್ತೊಂದಕ್ಕೆ ಕಂಪ್ಯೂಟರೆಲ್ಲ ನಿಲ್ಲುವುದೂ ಅವರ ಏರ್ಪಾಡೇ ಅಂತೆ. ಈ ವರ್ಷದ ಕೂಟ ಬೆಟ್ಟದ ಮೇಲೆ, ನಕ್ಷತ್ರದ ಆಕಾರದ ಕೆರೆಯ ದಂಡೆಯಲ್ಲಿ ಎಂದು ಬರೆದಿತ್ತಂತೆ. ನಕ್ಷತ್ರದ ಆಕಾರದ ಕೆರೆ ಕೊಡೈಕಾನಲಿನಲ್ಲಿ ಬಿಟ್ಟು ಬೇರೆಲ್ಲಿದೆ ಎಂದು ಮನೋಜ್‌ಕುಮಾರ್ ಮುದ್ದೆ ನುಂಗುವುದನ್ನೂ ಮರೆತು ಕೇಳಿದ. "ಅತ್ತಿಗೆ, ಮಾಮ ಪ್ರಪಂಚಕ್ಕೇ ಕಾಪಿ ಬಡಿಸ್ತಾ ಅವ್ನೆ!" ಎಂದ.

ನಾನು ನಕ್ಕೆ. ಪ್ರಪಂಚ ಆಳುವವರು ಕೊಡೈ ತನಕ ಬಂದು ನಮ್ಮಣ್ಣನ ಕೈಯ ಕಾಪಿ ಕುಡಿದರೆ ಆಳುವ ಆಸೆಯನ್ನೇ ಬಿಡುತ್ತಾರೆ ಎಂದೆ. ಆದರೆ ನಮ್ಮ ಯಜಮಾನರು ನಗಲಿಲ್ಲ. ಅವರಿಗೆ ಇಂಥ ಕಥೆಗಳಲ್ಲಿ ಎಂದೂ ನಂಬಿಕೆಯಿಲ್ಲ, ಪೇಪರಿನ ರಾಶಿಫಲ ಓದಿದರೂ ಬೈಯುವವರು. ಅಂಥವರು ತಟ್ಟೆ ನೋಡುತ್ತಾ, "ಕೂಟಂ ಮುಗಿಯಾ ತನ್ಕ ಒಬ್ರೂ ಈಚೆ ಬರಂಗಿಲ್ಲ. ಕಾಯಿತ ಬಂದ್ರೂ ಒಡ್ದು ನೋಡ್ತಾರೆ. ಅವ್ನ ದಾರಿ ಕಾಯಬ್ಯಾಡ" ಎಂದರು. ನಿನ್ನ ಹೋಟೆಲಿಗೆ ಫೋನ್ ಮಾಡಿ ನೋಡಿದರಂತೆ, ಲೈನು ಸಿಗಲಿಲ್ಲವಂತೆ. ಮಾರಿಮುತ್ತುವನ್ನು ಕೇಳಿದರೆ, ಅಣ್ಣನ ಫೋನ್ ಬಂದೇ ಇಲ್ಲ ಎಂದು ಮೀಟರನ್ನು ಒರೆಸುತ್ತಾ ಹೇಳುತ್ತಾನೆ, ಮುಖ ಎತ್ತುವುದಿಲ್ಲ. ಹಾಗಾಗಿ ಈ ಕಾಗದವನ್ನೂ ಎಂದಿನಂತೆ ನಮ್ಮ ಮಾತಿನಲ್ಲಿ, ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾವಲಿನವರು ಒಡೆದು ನೋಡಲಿ, ಅಕ್ಷರ ಓದಿಕೊಂಡು ಅರ್ಥ ಸಿಗದೆ ತಲೆ ಕೆರೆದುಕೊಳ್ಳಲಿ. ಮನೆಯಲ್ಲಿ ಕನ್ನಡ ಇಟ್ಟುಕೊಂಡು ಹೋಗಿ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು, ಅದು ನಮಗೆ ಬೀಗ ಇದ್ದ ಹಾಗೆ.

ಅನುಮಾನ ಪೆದ್ದ ರೋಗ ಎನ್ನುತ್ತಾರೆ, ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ಮನೋಜ್‌ಕುಮಾರನ ಕಾಗದಗಳನ್ನು ಕೇಳಿ ಕೇಳಿ ನನಗೂ ಅದೇ ಬುದ್ಧಿ ಬಂದಿದೆ. ಬಾಗಿಲು ಹಾಕಿದ್ದು ಕಂಡರೆ ಒಳಗೇನಿದೆ ಎಂದು ನಿಲ್ಲುತ್ತೇನೆ. ನಿನ್ನೆ ಭಾನುವಾರ ಮಾವನವರು ನಮ್ಮ ಚಿನ್ನಯ್ಯನನ್ನೂ ಊರ ಹಿರಿಯರನ್ನೂ ಕರೆಸಿ ನಡುಮನೆಯ ಬಾಗಿಲು ಹಾಕಿಕೊಂಡರು. ನಮ್ಮ ದೊಡ್ಡಪ್ಪನ ಮಗನಾದರೂ ಚಿನ್ನಯ್ಯ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದ್ರಾಕ್ಷಿ ಮಂಡಿಯ ವಿಷಯವಂತೆ. ದ್ರಾಕ್ಷಿ ಮಾತಿಗೆ ಬಾಗಿಲೇಕೆ? ಕಾಪಿಯನ್ನು ಕಿಟಕಿಯಲ್ಲೇ ಇಸಿದುಕೊಂಡು ನನ್ನನ್ನು ಕಳಿಸಿಬಿಟ್ಟರು. ನಿನ್ನ ಸೊಸೆ ಯುವಶ್ರೀ ಮಾತ್ರ ಒಳಗೇ ಅಜ್ಜನ ಪಕ್ಕ ಕವಡೆ ಆಡುತ್ತಾ ಕೂತಿದ್ದಳು. ಅವಳಿಗೇನು ಗೊತ್ತಾಗುತ್ತದೆ, ಇರಲಿ ಎಂದರು. ಅದು ನಿಜವೇ, ನಾನು ಕನ್ನಡದಲ್ಲಿ ಕರೆದರೆ ಅವಳು ತಮಿಳಿನಲ್ಲೇ ಓಗೊಡುವುದು. ನಮ್ಮ ಮಾತು ಒಂದಾದರೂ ಆ ಬಾಯಿಂದ ಬಂದದ್ದಿಲ್ಲ. ನಮ್ಮ ತಲೆಮಾರಿಗೇ ಇದು ಮುಗಿಯಿತು ಎಂದು ಮಾವನವರಿಗೆ ಬೇಜಾರು.

ಈಗ ನಿನ್ನ ಸರದಿ. ಕೋಪ ಮಾಡಿಕೊಳ್ಳಬೇಡ, ನಾನೇ ಕೋಪದಲ್ಲಿದ್ದೇನೆ. ಕಳೆದ ವಾರ ಪೆರಿಯಕುಳಂನ ರಂಗಮ್ಮಾಳ್ ಚಿಕ್ಕಮ್ಮ ಬಂದಿದ್ದಳು. ಅಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡಳಂತೆ. ಅವಳ ಬಸ್ಸು ಹೊರಟಿತ್ತು, ಕೂಗಿದರೂ ನಿನಗೆ ಕೇಳಿಸಲಿಲ್ಲವಂತೆ. ನಿನ್ನ ಕೈಯಲ್ಲಿ ಹೆಂಗಸರು ಹಾಕುವ ಕೆಂಪು ಸ್ವೆಟರ್ ಇತ್ತಂತೆ. ಜೇಬು ಹೊಲಿಸಿಕೊಂಡು ಒಳಗೆ ಸಿಕ್ಕಿಬಿದ್ದವನು ಪೆರಿಯಕುಳಂನಲ್ಲಿ ಹೇಗೆ ನಿಂತಿದ್ದೆ? ಅಷ್ಟು ದೂರ ಇಳಿದು ಬಂದವನಿಗೆ ಇನ್ನೊಂದು ಬಸ್ಸು ಹತ್ತಿ ತಂಗಿಯ ಮನೆಗೆ ಬರಲು ಕಾಲು ಬರಲಿಲ್ಲವೇ? ಕೂಟವೂ ಇಲ್ಲ, ಗೀಟವೂ ಇಲ್ಲ, ನೀನೇ ನನಗೆ ಏನನ್ನೋ ಬಚ್ಚಿಡುತ್ತಿದ್ದೀಯ ಎಂದು ಅವತ್ತು ಅನಿಸಿತು. ಚಪ್ಪರದ ಕೆಳಗೆ ನಿಂತು ಅತ್ತೆ. ನನ್ನ ನಾದಿನಿ ಅಳಗಮ್ಮಾಳನ್ನು ನಿನಗೆ ಕೊಡಬೇಕು ಎಂದು ಈ ಮನೆಯವರು ಅವಳು ಹುಟ್ಟಿದಾಗಲೇ ಗೊತ್ತು ಮಾಡಿದ್ದರು. ನನ್ನನ್ನು ಇಲ್ಲಿಗೆ ತಂದುಕೊಂಡರು, ಇವರ ಮಗಳನ್ನು ನೀನು ಕಟ್ಟಿಕೊಳ್ಳಬೇಕು, ಅದು ಮುರೆ, ಹಿಂದಿನಿಂದ ಬಂದ ಕ್ರಮ. ನಿನಗೆ ಮನಸ್ಸಿಲ್ಲ ಎಂದು ನನಗೆ ಎಂದೋ ಗೊತ್ತು. ಆದರೆ ಆ ಸಿಟ್ಟಿನಲ್ಲಿ ನನ್ನನ್ನೇ ಬಿಟ್ಟೆಯಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ ಅಣ್ಣಾ? ಸ್ವೆಟರ್ ಯಾರಿಗೆ ಎಂದು ಕೇಳುವುದಿಲ್ಲ. ಕೇಳುತ್ತೇನೆ. ಯಾರಿಗೆ?

ತವರಿನ ಉಡುಗೊರೆ, ಸೀರ್ ತರಬೇಕು ಎಂದು ಹೆದರಬೇಡ. ತಟ್ಟೆಗಟ್ಟಲೆ ಏನೂ ಬೇಡ, ನನಗೆ ಬೇಕಾದದ್ದು ತೊಡೆ. ಮೂರನೆಯ ತಾರೀಕು ಬೆಳಿಗ್ಗೆ ಬಂದುಬಿಡು. ಯಾವ ರಾಜ ಕಾಪಿ ಕೇಳಿದರೂ ತಾನೇ ಕಾಸಿಕೊಳ್ಳಲಿ. ಬರದಿದ್ದರೆ ನೀನು ಬದುಕಿದ್ದೂ ನನಗೆ ತವರಿಲ್ಲ ಎಂದು ತಿಳಿಯುತ್ತೇನೆ. ಬರೆದ ಮೇಲೆ ಈ ಸಾಲು ಹೊಡೆದುಹಾಕೋಣ ಎನಿಸಿತು, ಹೊಡೆದುಹಾಕುವುದಿಲ್ಲ, ಓದು. ಮಾವನವರೂ ಯಜಮಾನರೂ ನಿನ್ನನ್ನು ಕೇಳಿದೆವೆಂದು ಬರೆಯಲು ಹೇಳಿಲ್ಲ, ಹೇಳಿದಂತೆ ತಿಳಿದುಕೋ. ಬನಿಯನ್ ಮರೆಯಬೇಡ. ನಂದಗೋಪಾಲಸ್ವಾಮಿ ನಿನ್ನನ್ನು ಕಾಯಲಿ.

ನಿನ್ನ ಮೇಲೆ ಸಿಟ್ಟಿರುವ ತಂಗಿ,
ತೇನ್‌ಮೊಳಿ

ತಾ.ಕ.: ಅಣ್ಣಾ, ಅಂಟಿಸಿದ ಕವರನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿ ಬರೆಯುತ್ತಿದ್ದೇನೆ. ಮೇಲೆ ನಿನ್ನನ್ನು ಬೈದದ್ದನ್ನೆಲ್ಲ ಮರೆತುಬಿಡು. ಕಾಗದವನ್ನು ಅಪ್ಪನ ಕೈಗೆ ಕೊಡು ಎಂದು ಯುವಶ್ರೀಗೆ ಕೊಟ್ಟೆ. ಅವಳು ಕೊಡಲಿಲ್ಲ, ಬೆನ್ನ ಹಿಂದೆ ಇಟ್ಟುಕೊಂಡು ನಿಂತಳು. ಅಪ್ಪ ಪೋಸ್ಟಿಗೆ ಹಾಕುವುದಿಲ್ಲಮ್ಮಾ ಎಂದಳು ತಮಿಳಿನಲ್ಲಿ. ನಿನಗೆ ಯಾರು ಹೇಳಿದರು ಎಂದರೆ, ನಿನ್ನೆ ನಡುಮನೆಯಲ್ಲಿ ಅವರೇ ಹೇಳಿಕೊಂಡರು ಎಂದಳು. ಅವರು ನಮ್ಮ ಮಾತಲ್ಲವೇ ಆಡಿದ್ದು ಎಂದೆ. "ಎನಕ್ಕು ಎಲ್ಲಾಂ ಪುರಿಯುಮ್‌ಮಾ" ಎಂದಳು, ನನಗೆ ಎಲ್ಲಾ ತಿಳಿಯುತ್ತದೆ ಎಂದು! ಆಮೇಲೆ ಅಜ್ಜನ ಹಾಗೇ ಗಂಟಲು ಸರಿಮಾಡಿಕೊಂಡು ನಮ್ಮ ಮಾತಿನಲ್ಲೇ ಹೇಳಿದಳು: "ಗುಡ್ಡದ ಹುಡ್ಗೀನ ಕಟ್ಕೊಂಡವ್ನು ನಮ್ಗ ಮಾಮ ಅಲ್ಲ. ಮಾದವನ್‌ಗ ಹೇಳಬ್ಯಾಡಿ. ಮಗು ಚಿನ್ನಯ್ಯನ ತೊಡೆ ಮ್ಯಾಲ ಕೂರ್ಲಿ." ನನ್ನ ಮಗಳ ಬಾಯಿಂದ ಬಂದ ಮೊದಲ ಕನ್ನಡ ಮಾತು ಇದು.

ನನ್ನ ಕಾಗದವೂ ನಿನ್ನ ಕಾಗದವೂ ಯಜಮಾನರ ಹತ್ತಿರವೇ ಇವೆಯಂತೆ. ಕೂಟದ ಕಥೆ ನಂಬಿಕೊಂಡಿದ್ದಾಳೆ, ಮನೋಜ ತಂದದ್ದು ಒಳ್ಳೆಯದೇ ಆಯಿತು ಎಂದರಂತೆ. ಮನೋಜ್‌ಕುಮಾರ್ ಪಾಪ, ಅವನು ನಿಜವಾಗಿಯೂ ನಂಬಿದ್ದಾನೆ. ನಿನ್ನ ಫೋನ್ ಬಂದಾಗಲೆಲ್ಲ ಇಟ್ಟುಬಿಟ್ಟೆ ಎಂದು ಮಾರಿಮುತ್ತುವೂ ಅವರಿಗೆ ವರದಿ ಒಪ್ಪಿಸಿದ್ದಾನಂತೆ. ನಾನು ನಕ್ಷತ್ರದ ಕೆರೆಯ ಕಡೆ ನೋಡುತ್ತಾ ಕೂತೆ, ಕೂಟ ನನ್ನ ನಡುಮನೆಯಲ್ಲೇ ನಡೆಯುತ್ತಿತ್ತು, ಕಾಪಿ ಕಾಸಿಕೊಟ್ಟವಳೂ ನಾನೇ.

ನಾನೂ ನಿನ್ನ ಸೊಸೆಯೂ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕೂಟ ಸೇರಿ ತೀರ್ಮಾನ ಮಾಡಿದ್ದೇವೆ. ಶುಕ್ರವಾರಕ್ಕೆ ಇಲ್ಲಿಗೆ ಬರಬೇಡ. ಬುಧವಾರ, ಒಂದನೆಯ ತಾರೀಕು, ಮೊದಲ ಬಸ್ಸಿಗೆ ಪೆರಿಯಕುಳಂಗೆ ಇಳಿ. ಚಿಕ್ಕಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ನಾವು ಅಲ್ಲಿಗೆ ಬರುತ್ತೇವೆ, ಅವಳ ಬೀದಿಯಲ್ಲೇ ಕಿವಿ ಚುಚ್ಚುವ ಆಚಾರಿ ಇದ್ದಾನೆ. ಒಮ್ಮೆ ಚುಚ್ಚಿದ ಕಿವಿಯನ್ನು ಯಾವ ಕೂಟ ಸೇರಿದರೂ ಮುಚ್ಚಿಸಲಾಗದು. ಯಜಮಾನರ ಜೊತೆ ಜಗಳ ಆಮೇಲೆ, ಅದಕ್ಕೆ ಇಡೀ ಜೀವಮಾನ ಇದೆ. ಕಾಗದ ಹಾಕುವವಳು ಅಳಗಮ್ಮಾಳ್, ಹೊಲಿಗೆ ಕ್ಲಾಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ, "ಆ ಚಳೀಲಿ ಯಾರು ಸಾಯೋದು ಅತ್ತಿಗೆ" ಎನ್ನುತ್ತಾಳೆ. ನನ್ನ ಹೊಸ ಅತ್ತಿಗೆಯನ್ನೂ ಕರೆದುಕೊಂಡು ಬಾ, ಕೆಂಪು ಸ್ವೆಟರ್ ಹಾಕಿಕೊಂಡೇ ಬರಲಿ, ಗುರುತು ಸಿಗುತ್ತದೆ. ಅವಳ ಹೆಸರೂ ನನಗೆ ಗೊತ್ತಿಲ್ಲವಲ್ಲ ಅಣ್ಣಾ.

ಯುವಶ್ರೀ ಎರಡನೆಯ ಕನ್ನಡ ಮಾತೊಂದನ್ನು ಕಲಿತು ಇಟ್ಟುಕೊಂಡಿದ್ದಾಳೆ. ನನಗೂ ಹೇಳುವುದಿಲ್ಲವಂತೆ, ನಿನ್ನ ತೊಡೆಯ ಮೇಲೆ ಕೂತ ಮೇಲೆಯೇ ಅಂತೆ.