ಬಾಗಿಲಿಗೆ ಓರೆಯಾಗಿಟ್ಟ ಕುರ್ಚಿ

ಮನೆಯಿಂದ,
ಮಂಗಳವಾರ, ಪ್ರಾತಃಕಾಲ

ಚಿರಂಜೀವಿ ಮಗನಿಗೆ, ಹೆತ್ತವಳು ಮನಸಾರೆ ಹರಸಿ ಬರೆಯುವುದು.

ನಿನ್ನ ಬೆನ್ನುನೋವು ಹೇಗಿದೆ? ತಂಗಿಯ ಮನೆಯಲ್ಲಿ ನೆಲದ ಮೇಲೆ ಮಲಗುವ ಹಟ ಬೇಡ. ಗುಳಿಗೆಯನ್ನು ಊಟದ ಬಳಿಕವೇ ನುಂಗು. ಇಲ್ಲಿ ಭಗವಂತನ ಕೃಪೆಯಿಂದ ನಾನೂ ಸೊಸೆಯೂ ಕ್ಷೇಮ. ನಿನ್ನ ಮಗಳು ಗುಬ್ಬಿಯ ವಿಷಯದಲ್ಲಿ ಹಾಗೆ ಬರೆಯಲು ಲೇಖನಿ ಓಡುತ್ತಿಲ್ಲ. ನನ್ನ ಚಿತ್ತವೂ ಒಂದೆಡೆ ನಿಲ್ಲದು. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು.

ಅವಳು ಕೃತಕ ಬುದ್ಧಿಮತ್ತೆಯಿಂದ ಬರೆಸಿದ ನಕ್ಷೆಯನ್ನು ನೀನು ತರಗತಿಯ ಸಮಸ್ತರೆದುರು ಗೋಡೆಯಿಂದ ಕಿತ್ತು, “ಅಂಕ ಆ ಯಂತ್ರಕ್ಕೆ ಕೊಡ್ತೀನಿ, ನೀನು ಮನೆಗೆ ನಡಿ” ಎಂದು ನುಡಿದು, ರಜೆ ಹಾಕಿ ಹೊರಟುಹೋದೆಯಲ್ಲ, ಅನಂತರ ನಡೆದುದನ್ನು ನೀನು ತಿಳಿಯಲೇಬೇಕು. ಭೂದೃಶ್ಯವಿನ್ಯಾಸ ಕಲಿಯುವ ಮಕ್ಕಳಿಗೆ ಈ ಬಾರಿ ಆಸ್ಪತ್ರೆಯ ಅಂಗಳವನ್ನು, ರೋಗಿಗಳ ಬಂಧುಗಳು ಕಾಯುವ ಜಾಗವನ್ನು, ರೂಪಿಸಲು ಕೊಟ್ಟವನು ನೀನೇ ತಾನೆ? ನಮ್ಮ ಗುಬ್ಬಿ ಅತ್ತು ಮುಗಿಸಿ, ಅಟ್ಟದಿಂದ ನಿನ್ನ ಮಡಚುವ ಕುರ್ಚಿಯನ್ನು ಇಳಿಸಿದಳು. ಯಾವ ತೋಟವನ್ನು ರೂಪಿಸುವಾಗಲೂ ನೀನು ಬರಿನೆಲದಲ್ಲಿ ಆ ಕುರ್ಚಿಯಿಟ್ಟು ನನ್ನನ್ನು ಕೂರಿಸಿ, “ಏನನ್ನಿಸ್ತಿದೆ ಹೇಳಮ್ಮ” ಎಂದು ಪೀಡಿಸುತ್ತಿದ್ದೆಯಷ್ಟೆ. ಅವಳೂ ನನ್ನನ್ನು ಆ ಆಸ್ಪತ್ರೆಯ ಅಂಗಳಕ್ಕೆ ಕರೆದೊಯ್ದು, ಯಂತ್ರ ಬರೆದ ಮರದಡಿಯ ಆಸನದ ಜಾಗದಲ್ಲಿಯೇ ಕೂರಿಸಿದಳು. ಚಿತ್ರದಲ್ಲಿ ಅದು ನಂದನವನ. ಕುಳಿತು ನೋಡಿದರೆ ಎದುರಿಗೆ ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲು! ಅದು ತೆರೆದಾಗಲೆಲ್ಲ ನನ್ನ ಜಪ ತಪ್ಪಿತು. ನಿನ್ನ ತಂದೆಯವರು ಅಂಥದೇ ಬಾಗಿಲಿನ ಒಳಗಿದ್ದ ದಿನ ನೆನಪಾಗಿ ಎದ್ದುಬಿಟ್ಟೆ.

ಅವಳು ಅಲ್ಲಿಯೇ ನಿಂತು ಯಂತ್ರಕ್ಕೆ ತಿಳಿಸಿದಳು. ಅದು ಎಲ್ಲ ಆಸನಗಳನ್ನೂ ಬಾಗಿಲಿಗೆ ಬೆನ್ನು ಮಾಡಿ ತಿರುಗಿಸಿತು. ಹಾಗೆಯೂ ಕುಳಿತು ನೋಡಿದೆ. ಬಾಗಿಲು ತೆರೆಯಿತೇನೋ ಎಂದು ಕತ್ತು ಹೊರಳಿಸಿ ಹೊರಳಿಸಿ ನೋವು ಬಂದುದಷ್ಟೇ ಲಾಭ. ಕಡೆಗೆ ನಾವಿಬ್ಬರೂ ಕುರ್ಚಿಯನ್ನು ಎಳೆದಾಡಿ ಓರೆಯಾಗಿಟ್ಟೆವು. ಕಣ್ಣೆದುರಿಗೆ ಹಸಿರು, ಕಡೆಗಣ್ಣಿಗೆ ಬಾಗಿಲು. ಹೆಸರು ಕೂಗಿದರೆ ಕೇಳುವಷ್ಟೇ ದೂರ. ಅಲ್ಲಿ ನನ್ನ ಜಪ ಪೂರ್ತಿಯಾಯಿತು. ಎಷ್ಟು ಗದರಿಸಿದರೂ ಆ ಯಂತ್ರ “ಕ್ಷಮಿಸಿ, ತಿದ್ದುತ್ತೇನೆ” ಎನ್ನುತ್ತದಂತೆ. ನಮ್ಮ ವಂಶದಲ್ಲಿ ಆ ಗುಣ ಯಾರಿಗೂ ಇಲ್ಲವೆಂದು ನಾನೆಂದೆ. ಅಷ್ಟು ದಿನಗಳ ಮೇಲೆ ಅವಳು ನಕ್ಕಳು.

ದಾರಿಯಲ್ಲಿ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಅಪ್ಪ ಬೈದಿದ್ದು ಸರಿನೇ ಅಜ್ಜಿ, ಆ ಯಂತ್ರಕ್ಕೆ ಕಾಯೋದು ಅಂದ್ರೇನು ಅಂತ ಗೊತ್ತಿಲ್ಲ. ಆದ್ರೆ ಅದು ತಪ್ಪು ಬರೆದು ತೋರಿಸ್ದೇ ಇದ್ದಿದ್ರೆ, ನಾನೂ ನಿನ್ನ ಕೇಳ್ತಿರ್ಲಿಲ್ಲ.” ಮಗನೇ, ಗುರುವಾದವನು ಶಿಷ್ಯರಿಂದ ಕೇಳಬಯಸುವ ಮಾತು ಇದಕ್ಕಿಂತ ಬೇರೆ ಯಾವುದಿದ್ದೀತು? ಅದನ್ನು ಕೇಳಲು ನೀನಿರಲಿಲ್ಲ.

ಶುಕ್ರವಾರ ಹೊರಗಿನ ಪರೀಕ್ಷಕರು ಬರುತ್ತಾರೆ. ಅಪ್ಪ ನೋಡದ ನಕ್ಷೆಯನ್ನು ಗೋಡೆಗೆ ಹಾಕುವುದಿಲ್ಲ, ಓದನ್ನೇ ಬಿಡುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ. ಹಟದಲ್ಲಿ ಅವಳು ನಿನ್ನ ಪಡಿಯಚ್ಚು.

ನಿನ್ನ ತಂಗಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ದೇವರು ನಿನಗೆ ಆಯುರಾರೋಗ್ಯವನ್ನೂ, ಅದರೊಡನೆ ಒಂದಿಷ್ಟು ತಾಳ್ಮೆಯನ್ನೂ ಕರುಣಿಸಲಿ.

ಇಂತಿ,
ನಿನ್ನ ಅಮ್ಮ

ಅವಸರದಲ್ಲಿ ಇನ್ನೆರಡು ಮಾತು: ನೀನು ಫೋನು ಎತ್ತದ ಕಾರಣ, ಆ ಕಡೆ ಹೊರಟಿರುವ ಪಕ್ಕದ ಮನೆಯ ಚಾಲಕರ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ನಿನ್ನೆ ಗುಬ್ಬಿ ನಕ್ಷೆಯನ್ನು ಹರಿಯಲು ಕೈ ಹಾಕಿದಳು. ಬೇರೇನೂ ತೋಚದೆ, “ನಿಮ್ಮಪ್ಪ ಫೋನ್ ಮಾಡಿದ್ದ ಕಣೇ, ಗುರುವಾರಾನೇ ಬರ್ತಾನಂತೆ” ಎಂದುಬಿಟ್ಟೆ. ದೇವರ ದೀಪದ ಮುಂದೆ ನಿಂತು ಆಡಿದ ಸುಳ್ಳು. ಅವಳು ಕಣ್ಣೊರೆಸಿಕೊಂಡು ಮತ್ತೆ ಬರೆಯಲು ಕುಳಿತಿದ್ದಾಳೆ. ಬಂದುಬಿಡಪ್ಪ.